ರಾಜಿಯಾಗಿದೆ

ಪರದೆಯ ಮೇಲೆ ಅಮ್ಮಿಯ ಹೆಸರಿನ ಕೆಳಗೆ ಒಂದೇ ಪದ ಮೂರು ಸಲ ಇತ್ತು. ಜೂನ್ ಹನ್ನೆರಡು, ಡಿಕ್ಲೈನ್ಡ್. ಜುಲೈ ಮೂರು, ಡಿಕ್ಲೈನ್ಡ್. ಸೆಪ್ಟೆಂಬರ್ ಇಪ್ಪತ್ತೈದು, ಡಿಕ್ಲೈನ್ಡ್. ಲಸಿಕೆ ಬೇಡ ಎಂದರು, ಬೇಡ ಎಂದರು, ಬೇಡ ಎಂದರು.

ನಮಗೂ ಕಾಣಲಿ ಎಂದು ಡಾಕ್ಟರ್ ಮೂರ್ತಿ ಪರದೆಯನ್ನು ನಮ್ಮ ಕಡೆ ತಿರುಗಿಸಿದ್ದರು. ಅಮ್ಮಿ ಪರೀಕ್ಷೆಯ ಮಂಚದ ತುದಿಯಲ್ಲಿ ಎಡಗೈಯನ್ನು ಮೈಯಿಂದ ದೂರ ಹಿಡಿದು ಕುಳಿತಿದ್ದಳು. ಎಡಪಕ್ಕೆಯ ಸುತ್ತ ಸರ್ಪಸುತ್ತು ಎದ್ದು ಐದು ದಿನವಾಗಿತ್ತು. ಬಟ್ಟೆ ತಗುಲಿದರೂ ಉರಿ. ಲಿಂಫೋಮಾಕ್ಕೆ ಬೇಸಿಗೆಯುದ್ದಕ್ಕೂ ಕೀಮೋ ಹಾಕಿಸಿಕೊಂಡಾಗ ಒಮ್ಮೆಯೂ ನರಳದವಳು ಈಗ ಉಸಿರನ್ನು ತುಂಡು ತುಂಡಾಗಿ ಬಿಡುತ್ತಿದ್ದಳು.

ಗಾಲಿಯ ಕಂಬಕ್ಕೆ ಸಿಕ್ಕಿಸಿದ ಟ್ಯಾಬ್ಲೆಟ್ಟಿನೊಳಗೆ ಒಬ್ಬ ಉರ್ದು ದುಭಾಷಿ ಇದ್ದ. ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಅವನು ತೂಗಿ ತೂಗಿ ಉರ್ದುವಿನಲ್ಲಿ ಹೇಳುತ್ತಿದ್ದ. ಕೀಮೋದಿಂದ ಕಾಯಿಲೆ ಅರ್ಧ ಮಾತ್ರ ಬಗ್ಗಿದೆ. ಇನ್ನು ಉಳಿದಿರುವುದು ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್. ಗುರುವಾರ ಆ ತಂಡ ಕೂಡುತ್ತದೆ, ಖಾಲಿದಾ ಅವರನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ಅಂದೇ ತೀರ್ಮಾನ. ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ಮೈ ಆಗ ಹುಟ್ಟಿದ ಕೂಸಿನ ಮೈಯಂತೆ. ಹಿಂದೆ ಹಾಕಿಸಿಕೊಂಡ ಲಸಿಕೆಗಳನ್ನೆಲ್ಲ ಮೊದಲಿನಿಂದ ಹಾಕಿಸಿಕೊಳ್ಳಬೇಕು. ಮೂರು ಸಲ ಬೇಡ ಎಂದವರು ಆಗ ಹಾಕಿಸಿಕೊಳ್ಳುತ್ತಾರೆಂದು ತಂಡ ನಂಬುವುದು ಹೇಗೆ? ಈ ಸರ್ಪಸುತ್ತಿಗೂ ಲಸಿಕೆ ಇತ್ತು, ಅದನ್ನೂ ಅವರು ಬೇಡವೆಂದರು.

ರೋಗನಿರೋಧಕ ಶಕ್ತಿ ಎಂಬುದಕ್ಕೆ ದುಭಾಷಿ 'ಕುವ್ವತೆ ಮುದಾಫಿಅತ್' ಎಂದ. ಅಮ್ಮಿ "ಹೂಂ" ಎಂದಳು. ಅವನು ಇನ್ನೊಂದು ಉದ್ದ ವಾಕ್ಯ ಮುಗಿಸಿದ. ಅಮ್ಮಿ ಮತ್ತೆ "ಹೂಂ" ಎಂದಳು.

"ಯೆಸ್, ಶಿ ಅಂಡರ್‌ಸ್ಟ್ಯಾಂಡ್ಸ್," ಎಂದ ದುಭಾಷಿ. ಡಾಕ್ಟರ್ ಅದನ್ನು ಟೈಪ್ ಮಾಡಿದರು.

ಹೂಂ ಎಂದರೆ ಅರ್ಥವಾಯಿತು ಎಂದಲ್ಲ. ನೀವು ಹೇಳುತ್ತಿದ್ದೀರಿ, ನಾನಿಲ್ಲಿ ಕೂತಿದ್ದೇನೆ, ಅಷ್ಟೇ. ಕತೆ ಹೇಳುವವರ ಮುಂದೆ ಕೂತ ಪ್ರತಿ ಮಗುವಿಗೂ ಗೊತ್ತಿರುವ ವಿಷಯ. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಅಣ್ಣ ಫುರ್ಕಾನ್ ಎದ್ದು ನಿಂತು ಇಂಗ್ಲಿಷಿನಲ್ಲಿ, ನಾವು ಮಾತಾಡಿ ಒಪ್ಪಿಸುತ್ತೇವೆ, ಅಮ್ಮಿ ಸ್ವಲ್ಪ ಹಠಮಾರಿ ಎಂದು ನಕ್ಕ. ಡಾಕ್ಟರೂ ನಕ್ಕರು. ಬುಧವಾರ ಗುಳ್ಳೆಗಳನ್ನು ನೋಡಲು ಮತ್ತೆ ಬನ್ನಿ ಎಂದರು.

ಕಾರಿನಲ್ಲಿ ಅಣ್ಣ ಫ್ರೀವೇ ಹತ್ತುವ ತನಕ ತಡೆದುಕೊಂಡಿದ್ದ.

"ಹಠ ಅಮ್ಮಿ, ನಿಂದು ಹಠ. ಪೋಲಿಯೊ ಡ್ಯೂಟಿಗೆ ಅಂತ ಭಾನುವಾರ ಭಾನುವಾರ ಮನಿ ಮನಿ ತಿರುಗಿದಾಕಿ ನೀನು. ಬಾಗಲಾ ಹಾಕ್ಕೊಂಡೋರ ಕಟ್ಟಿ ಮ್ಯಾಲೆ ಕುಂತು ಒಪ್ಪಿಸ್ತಿದ್ದಿ. ನಿನ್ನ ಪಾಳಿ ಬಂದ ಕೂಡ್ಲೆ ಬ್ಯಾಡ ಅಂತಿ. ನಾ ಗ್ಯಾರೇಜ್ ಬಂದ್ ಮಾಡಿ ಎಷ್ಟು ಸಲ ಬಂದೀನಿ ಗೊತ್ತೈತಿಲ್ಲೋ?"

ಅಮ್ಮಿ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಮೌನಗಳು ನನಗೆ ಚಿಕ್ಕಂದಿನಿಂದ ಪರಿಚಯ. ಗದಗಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು. ತಪ್ಪು ಉತ್ತರ ಹೇಳಿದ ಹುಡುಗನನ್ನು ಬೈಯದೆ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದಳು, ಅವನೇ ತಪ್ಪು ಕಂಡುಕೊಳ್ಳುವವರೆಗೆ. ಆದರೆ ಇದು ಆ ಮೌನವಲ್ಲ. ಇದು ತನ್ನನ್ನು ಕೇಳಲಿ ಎಂದು ಕಾದು, ಯಾರೂ ಕೇಳದೆ, ಕಾಯುವುದನ್ನೇ ಬಿಟ್ಟವರ ಮೌನ.

ನಾನಾದರೂ ಕೇಳಿದ್ದೆನೇ? ಆಸ್ಪತ್ರೆಗೆ ಕರೆದೊಯ್ಯುವುದು ಅಣ್ಣನ ಪಾಲಿಗೆ ಬಂದಿತ್ತು. ಡಾಕ್ಟರ್ ಹತ್ತು ನಿಮಿಷ ಹೇಳಿದ್ದನ್ನು ಅವನು "ಆರಾಮ ಆಗ್ತತಿ ಅಂತ ಅಮ್ಮಿ" ಎಂದು ನಾಲ್ಕು ಪದಗಳಿಗೆ ಇಳಿಸುತ್ತಿದ್ದ. ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಅಂಕಿಸಂಖ್ಯೆಯ ಕೆಲಸ ಮಾಡುತ್ತೇನೆ. 'ಇಮ್ಯುನೊ ಕಾಂಪ್ರಮೈಸ್ಡ್' ಎಂದು ದಿನಕ್ಕೆ ಇಪ್ಪತ್ತು ಸಲ ಟೈಪ್ ಮಾಡುತ್ತೇನೆ. ಅದನ್ನು ಅಮ್ಮಿಗೆ ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಸ್ಯಾನ್ ಹೊಸೆಯ ಮನೆಗೆ ಬಂದು ಅವಳಿಗೆ ಸಡಿಲ ಅಂಗಿ ತೊಡಿಸುವಾಗ ಕೇಳಿದೆ. "ಅಮ್ಮಿ, ಯಾಕ ಬ್ಯಾಡ ಅಂದಿ?"

ಅವಳು ನನ್ನ ಮುಖ ನೋಡಿದಳು. "ನೀನ ಕೊಟ್ಟ ಕಾಗದದಾಗ ಹಂಗ ಬರ್ದಿತ್ತಲ್ಲ."

"ಯಾವ ಕಾಗದ?"

"ಕೀಮೋಕ್ಕಿಂತ ಮೊದಲ ಕೊಟ್ಟಿದ್ದಿ. ಓದ್ಕೋ ಅಮ್ಮಿ, ಕನ್ನಡದಾಗೇ ಐತಿ ಅಂದಿ."

ನೆನಪಾಯಿತು. ಆಸ್ಪತ್ರೆಯ ವೆಬ್‌ಸೈಟಿನಲ್ಲಿ 'ಕ್ಯಾನ್ಸರ್ ರೋಗಿಗಳಿಗೆ ಲಸಿಕೆ ಮಾಹಿತಿ' ಎಂಬ ಪುಟವಿತ್ತು. ಮೂಲೆಯಲ್ಲಿ ಭಾಷೆ ಆರಿಸಿಕೊಳ್ಳುವ ಗುಂಡಿ. ಒತ್ತಿದೆ, ಕನ್ನಡ ಬಂತು. ಕನ್ನಡದ ಅಕ್ಷರ ಕಂಡದ್ದೇ ನನಗೆ ಎಷ್ಟು ಖುಷಿಯಾಯಿತೆಂದರೆ ಓದದೆಯೇ ಪ್ರಿಂಟ್ ಕೊಟ್ಟು ಅವಳ ಕೈಗಿಟ್ಟು ಕೆಲಸಕ್ಕೆ ಓಡಿದ್ದೆ.

ಅಮ್ಮಿ ತನ್ನ ಫೈಲಿನಿಂದ ಎರಡು ಹಾಳೆ ತೆಗೆದುಕೊಟ್ಟಳು. ತುಂಬ ಕೆಂಪು ಶಾಯಿ. ಉತ್ತರಪತ್ರಿಕೆ ತಿದ್ದುವಂತೆ ತಿದ್ದಿದ್ದಳು. 'ಹೆಂಚುಗಳ ಲಸಿಕೆಯನ್ನು ಎರಡು ಬಾರಿ ಪಡೆಯಿರಿ' ಎಂಬಲ್ಲಿ ಹೆಂಚಿಗೆ ಸುತ್ತು ಹಾಕಿ, ಪಕ್ಕದಲ್ಲಿ 'ಯಾವ ಮನೆಯದು?' ಎಂದು ಬರೆದಿದ್ದಳು. ಇಂಗ್ಲಿಷಿನಲ್ಲಿ ಸರ್ಪಸುತ್ತಿಗೂ ಛಾವಣಿಯ ಹಲಗೆಗೂ ಒಂದೇ ಹೆಸರು, ಶಿಂಗಲ್ಸ್. ಅನುವಾದದ ಯಂತ್ರ ಛಾವಣಿ ಹತ್ತಿತ್ತು. 'ಪ್ರತಿ ವರ್ಷ ಜ್ವರದ ಗುಂಡೇಟು ತೆಗೆದುಕೊಳ್ಳಿ' ಎಂಬಲ್ಲಿ 'ಹೊಡೆದವರಾರು?' ಎಂದಿತ್ತು. ಫ್ಲೂ ಶಾಟ್ ಯಂತ್ರದ ಕೈಯಲ್ಲಿ ಗುಂಡೇಟಾಗಿತ್ತು. ವಿಭಕ್ತಿ ತಪ್ಪು, ವಚನ ತಪ್ಪು, ಒಂದು ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ಎರಡನೆಯ ಹಾಳೆಯ ನಡುವೆ ಎರಡೇ ಎರಡು ಸಾಲಿಗೆ ಸರಿ ಗುರುತು ಹಾಕಿದ್ದಳು.

'ನಿಮ್ಮ ರೋಗನಿರೋಧಕ ವ್ಯವಸ್ಥೆ ರಾಜಿಯಾಗಿದೆ. ಆದ್ದರಿಂದ ನೇರ ಲಸಿಕೆಗಳನ್ನು ಪಡೆಯಬಾರದು.'

"ಇಡೀ ಕಾಗದದಾಗ ತಪ್ಪಿಲ್ಲದ ಮಾತು ಇದೊಂದ," ಎಂದಳು ಅಮ್ಮಿ. "ಉಳಿದದ್ದು ಯಾರೋ ದಡ್ಡರು ಬರದಾರ, ಇದನ್ನ ಮಾತ್ರ ತಿಳದವ್ರು ಬರದಾರ ಅಂತ ಅನ್ಕೊಂಡೆ."

"ರಾಜಿಯಾಗಿದೆ ಅಂದ್ರ ಏನಂತ ತಿಳ್ಕೊಂಡಿ?"

"ಏನಂತ ತಿಳ್ಕೋಬೇಕು? ರಾಜಿ ಅಂದ್ರ ರಾಜಿ. ನಿಮ್ಮ ಸನಾವುಲ್ಲಾ ಚಾಚಾಂದು ಹಿತ್ತಲ ಜಾಗದ ಕೇಸು ಹದಿನೆಂಟು ವರ್ಷ ನಡದು ಕಡೀಕ ಕೋರ್ಟಿನ್ಯಾಗ ರಾಜಿ ಆಗ್ಲಿಲ್ಲನು? ನನ್ನ ಮೈಯಾಗಿನ ಶಕ್ತಿಗೂ ಜಡ್ಡಿಗೂ ರಾಜಿ ಆಗೇತಿ. ರಾಜಿ ಆದ ಮ್ಯಾಲೆ ಮತ್ತ ಹೋಗಿ ಕಲ್ಲು ಒಗೀತಾರನು? ಅದಕ್ಕ ಸೀದಾ ಹೋಗಿ ಚುಚ್ಚಿಸ್ಕೋಬ್ಯಾಡ, ಜರಾ ತಡೀ ಅಂತ ಬರದಾರ. ನೇರ ಬ್ಯಾಡ ಅಂತ."

ನಾನು ಮಂಚದ ಮೇಲೆ ಕುಳಿತೆ. ಕಾಂಪ್ರಮೈಸ್ಡ್. ಯಂತ್ರಕ್ಕೆ ಕಾಂಪ್ರಮೈಸ್ ಎಂದರೆ ರಾಜಿ, ಲೈವ್ ಎಂದರೆ ನೇರ ಪ್ರಸಾರದ ನೇರ. ಮೈಯ ಕಾವಲು ಕುಸಿದಿದೆ, ಜೀವಂತ ರೋಗಾಣು ಇರುವ ಲಸಿಕೆ ಮಾತ್ರ ಬೇಡ, ಉಳಿದವನ್ನು ಬೇಗ ಹಾಕಿಸಿಕೊಳ್ಳಿ ಎಂದು ಹೇಳಬೇಕಾಗಿದ್ದ ಕಾಗದ, ನಿನ್ನ ಮೈಯಲ್ಲಿ ಒಪ್ಪಂದವಾಗಿದೆ, ಯಾವುದನ್ನೂ ಕೆಣಕಬೇಡ ಎಂದು ಹೇಳಿತ್ತು. ನಾಲ್ಕು ತಿಂಗಳು ಅಮ್ಮಿ ಹಠ ಮಾಡಿರಲಿಲ್ಲ. ಆಸ್ಪತ್ರೆಯ ಕಾಗದ ಹೇಳಿದಂತೆ ಕೇಳಿದ್ದಳು.

"ನರ್ಸು ಸೂಜಿ ತಂದಾಗ ಇದನ್ನ ಕೇಳಬೇಕಿತ್ತಲ್ಲ ಅಮ್ಮಿ, ಆ ದುಭಾಷಿನ್ನರ."

"ಯಾರನ್ನ? ಆ ಟ್ಯಾಬ್ಲೆಟ್ಟಿನವನ್ನೇನು? ಅವನ ಉರ್ದು ನಮ್ಮ ಮನಿ ಉರ್ದು ಅಲ್ಲವ್ವಾ. ನಿಮ್ಮ ಅಬ್ಬಾನ ಕೂಡ ದಖನಿಯಾಗ ಮಾರ್ಕೆಟ್ಟು, ಮದವಿ, ಜಗಳ ಎಲ್ಲಾ ಮಾಡೀನಿ. ಮೈ ಒಳಗಿನ ಮಾತು, ಪಾಠದ ಮಾತು, ಅವೆಲ್ಲ ನಂಗ ಕನ್ನಡದಾಗ ಅದಾವು. ಅವ ಕುವ್ವತ್ ಅಂದ, ಶಕ್ತಿ ಅಂತ ಗೊತ್ತಾತು. ಮುಂದಿಂದು ಗೊತ್ತಾಗ್ಲಿಲ್ಲ."

"ನಂಗ ಕನ್ನಡದವ್ರು ಬೇಕು ಅಂತ ಹೇಳಬೇಕಿತ್ತು."

ಅಮ್ಮಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಹವಾಮಾನದ ಸುದ್ದಿ ಹೇಳುವಂತೆ ಹೇಳಿದಳು. "ಡಾಕ್ಟರ ಕನ್ನಡದಾಕಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂರ್ತಿ ಎಂಬ ಹೆಸರು ನೋಡಿ ತೆಲುಗಿನವರೋ ತಮಿಳಿನವರೋ ಇರಬೇಕು ಎಂದುಕೊಂಡಿದ್ದೆ. ಕೇಳಿರಲಿಲ್ಲ.

"ಎರಡನೇ ಸಲ ಹೋದಾಗ ಫೋನಿನ್ಯಾಗ ಮಗಳ ಕೂಡ ಮಾತಾಡಿದ್ಳು. ಸಾರು ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೋ ಮಾನ್ಯಾ ಅಂದ್ಳು. ಬೆಂಗಳೂರ ಕಡೆ ಕನ್ನಡ."

"ಮತ್ತ ನೀ ಏನೂ ಅನ್ಲಿಲ್ಲ?"

"ಮೊದಲನೇ ದಿನ ನರ್ಸು 'ಹಿಂದಿ?' ಅಂತ ಕೇಳಿದ್ಳು. ಡಾಕ್ಟರ್ ನನ್ನ ಹೆಸರು ನೋಡಿದ್ಳು, ತಲಿ ಮ್ಯಾಲಿನ ಅರಿವಿ ನೋಡಿದ್ಳು, 'ನೋ, ನೋ, ಉರ್ದು' ಅಂದ್ಳು. ನಾ ನಮಸ್ಕಾರ ಅನ್ನಾಕ ಬಾಯಿ ತೆಗದಿದ್ದೆ. ಆಕಿ ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

ಹಿಂದಿ ಎಂದ ನರ್ಸು ಅಮೆರಿಕದವಳು, ಅವಳಿಗೆ ಗೊತ್ತಿಲ್ಲ. ಉರ್ದು ಎಂದವರಿಗೆ ಗೊತ್ತಿತ್ತು. ಗೊತ್ತಿದೆ ಎಂಬ ಧೈರ್ಯದಿಂದಲೇ ಕೇಳಲಿಲ್ಲ. ಈ ತಪ್ಪನ್ನು ಮಾಡಲು ನಮ್ಮ ಕಡೆಯವರೇ ಆಗಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, ಕಾಲೇಜಿನ ಭಾಷಣ ಸ್ಪರ್ಧೆಗೆ ಹೆಸರು ಕೊಡುವಾಗ ನನ್ನ ಮುಖದ ಮೇಲೆ ಬಿದ್ದ ಅದೇ ನೋಟ ಎಂಟು ಸಾವಿರ ಮೈಲಿ ದಾಟಿ ಬಂದು ಅಮ್ಮಿಯ ಫೈಲಿನಲ್ಲಿ ಕುಳಿತಿತ್ತು. ನನಗೆ ಸಿಟ್ಟು ಬಂತು. ಅಮ್ಮಿಯ ಮೇಲೂ ಸಿಟ್ಟು. ಜೀವಕ್ಕಿಂತ ದೊಡ್ಡದೇ ಆ ಬಿಂಕ? ಹಾಗೆ ಕೇಳಲೂ ಕೇಳಿದೆ.

"ಬಿಂಕ ಅಲ್ಲ," ಎಂದಳು. "ಪ್ರತಿಯೊಂದು ಹೊಸಾ ಸಾಲಿಗೂ, ಪ್ರತಿಯೊಂದು ಹೊಸಾ ಹೆಡ್ಮಾಸ್ತರಿಗೂ ಹೇಳ್ಕೋತನ ಬಂದೀನಿ. ಹೌದ್ರಿ, ನನಗ ಕನ್ನಡ ಬರ್ತತಿ, ನಾನ ಕಲಸ್ತೀನಿ ಅಂತ. ಜಡ್ಡಿನ್ಯಾಗೂ ಹೇಳಬೇಕನು?"

ಅಣ್ಣ ಗ್ಯಾರೇಜಿನಿಂದ ಬಂದ ಮೇಲೆ ಅವನ ಮುಂದೆ ಆ ಹಾಳೆ ಇಟ್ಟೆ. ಅವನಿಗೆ ಕನ್ನಡ ಓದುವುದು ನಿಧಾನ. ಓದಿ ಮುಗಿಸಿ, ಗ್ರೀಸು ಹತ್ತಿದ ಹೆಬ್ಬೆರಳಿನಿಂದ ಕಾಗದಕ್ಕೆ ಕಲೆಯಾಗದಂತೆ ಅಂಚನ್ನು ಹಿಡಿದುಕೊಂಡೇ ಕುಳಿತಿದ್ದ.

"ಬುಧವಾರ ನಾ ಬರ್ತೀನಿ," ಎಂದ.

"ಬ್ಯಾಡ," ಎಂದಳು ಅಮ್ಮಿ. "ನೀ ಬಂದ್ರ ನಗ್ತಿ."

ಬುಧವಾರ ನಾವಿಬ್ಬರೇ ಹೋದೆವು. ನರ್ಸು ಟ್ಯಾಬ್ಲೆಟ್ಟಿನ ಕಂಬವನ್ನು ತಳ್ಳಿಕೊಂಡು ಬಂದಳು. ದುಭಾಷಿ ಅಸ್ಸಲಾಮು ಅಲೈಕುಮ್ ಎಂದ. ಅಮ್ಮಿ ಅವನಿಗೆ ಮರ್ಯಾದೆಯಿಂದ ವಾಲೈಕುಮ್ ಅಸ್ಸಲಾಮ್ ಹೇಳಿ, ನನ್ನ ಕಡೆ ನೋಡಿದಳು. ಅವರನ್ನು ಕಳಿಸಿಬಿಡಿ ಎಂದು ನಾನು ನರ್ಸಿಗೆ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ತಾಯಿಯ ಭಾಷೆ ಕನ್ನಡ. ಅವಳು ಫೈಲು ನೋಡಿ, ಇಲ್ಲಿ ಉರ್ದು ಎಂದಿದೆಯಲ್ಲ ಎಂದಳು. ಅದನ್ನು ಬರೆಸಿದವರನ್ನು ಕರೆಯಿರಿ ಎಂದೆ.

ಡಾಕ್ಟರ್ ಬಂದರು. ಕೈಗೆ ದ್ರಾವಣ ಹಚ್ಚಿಕೊಳ್ಳುತ್ತ, ಏನೋ ಗೊಂದಲವಂತೆ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು.

"ಡಾಕ್ಟರೇ, ಕನ್ನಡದಲ್ಲೇ ಮಾತಾಡಿ," ಎಂದೆ. "ನಿಮಗೆ ಬರುತ್ತೆ."

ಅವರ ಕೈ ನಿಂತಿತು. ನನ್ನನ್ನು ನೋಡಿದರು, ಆಮೇಲೆ ಅಮ್ಮಿಯನ್ನು. ಅಮ್ಮಿ ನೇರವಾಗಿ ಕುಳಿತು ಹೇಳಿದಳು. "ನಮಸ್ಕಾರ್ರಿ. ನಾನು ಖಾಲಿದಾ. ಗದಗಿನ್ಯಾಗ ಹೈಸ್ಕೂಲ್ ಕನ್ನಡ ಪಂಡಿತೆ ಆಗಿದ್ದೆ. ನಮ್ಮಿಬ್ಬರ ಭೆಟ್ಟಿ ಆಗಿ ನಾಕು ತಿಂಗಳಾತು, ಪರಿಚಯ ಆಗಿರ್ಲಿಲ್ಲ."

"ಅಯ್ಯೋ," ಎಂದರು ಡಾಕ್ಟರ್ ನಿರುಪಮಾ ಮೂರ್ತಿ. ಮುಖ ಅರಳಿತು, ಆ ಅರಳಿದ್ದೇ ನನಗೆ ಉರಿಯಿತು. "ನೀವು ಕನ್ನಡ ಇಷ್ಟು ಚೆನ್ನಾಗಿ ಮಾತಾಡ್ತೀರಾ. ತುಂಬಾ ಚೆನ್ನಾಗಿದೆ ನಿಮ್ಮ ಕನ್ನಡ."

"ನಿಮ್ದೂ ಅಡ್ಡಿ ಇಲ್ರಿ," ಎಂದಳು ಅಮ್ಮಿ.

ಡಾಕ್ಟರ್ ಕುರ್ಚಿ ಎಳೆದುಕೊಂಡು ಕುಳಿತರು. "ನೋಡಿ, ಇಲ್ಲಿ ರೂಲ್ಸ್ ಇದೆ. ಸರ್ಟಿಫಿಕೇಟ್ ಇಲ್ಲದೆ ನಾನು ಬೇರೆ ಭಾಷೇಲಿ ಟ್ರೀಟ್‌ಮೆಂಟ್ ಡಿಸ್ಕಸ್ ಮಾಡೋ ಹಾಗಿಲ್ಲ. ಇಂಟರ್‌ಪ್ರಿಟರ್ ಮೂಲಕವೇ ಆಗಬೇಕು."

"ಕನ್ನಡದ ದುಭಾಷಿಯನ್ನು ಕರೆಸಬಹುದಿತ್ತು," ಎಂದೆ.

"ಫೈಲಲ್ಲಿ ಉರ್ದು ಅಂತ..."

"ಫೈಲಿಗೆ ಹೇಳಿದವರು ನೀವು."

ಅವರು ಗೋಡೆಯ ಫೋನಿನಿಂದ ಯಾರಿಗೋ ಮಾತಾಡಿದರು. ಹನ್ನೆರಡು ನಿಮಿಷದಲ್ಲಿ ಸ್ಪೀಕರಿನಲ್ಲಿ ಹನುಮಂತರಾಜು ಎಂಬ ಕನ್ನಡ ದುಭಾಷಿ ಸಿಕ್ಕಿದರು. ಹನ್ನೆರಡೇ ನಿಮಿಷ. ನಾಲ್ಕು ತಿಂಗಳಲ್ಲಿ ಯಾರೂ ಕೊಡದ ಹನ್ನೆರಡು ನಿಮಿಷ. ವಯಸ್ಸಾದ ದನಿ. "ಹೇಳಿ ತಾಯಿ, ನಿಧಾನಕ್ಕೆ ಹೇಳಿ," ಎಂದರು.

ಅಮ್ಮಿ ಹೇಳುವ ಬದಲು ಹಾಳೆಗಳನ್ನು ಡಾಕ್ಟರ ಕೈಗೆ ಕೊಟ್ಟಳು. ನಿಮ್ಮ ಆಸ್ಪತ್ರೆಯ ವೆಬ್‌ಸೈಟಿನವು ಎಂದೆ ನಾನು. ಅವರು ಕೂಡಿಸಿ ಕೂಡಿಸಿ ಓದಿದರು. ಹೆಂಚಿಗೆ ನಗು ಬಂತು, ತಡೆದುಕೊಂಡರು. ಸರಿ ಗುರುತಿನ ಸಾಲಿಗೆ ಬಂದಾಗ ದಾಟಿ ಮುಂದೆ ಹೋದರು.

"ಅಲ್ಲೇ ನಿಲ್ರಿ," ಎಂದಳು ಅಮ್ಮಿ. "ಅದನ್ನ ಓದ್ರಿ."

"ರೋಗನಿರೋಧಕ ವ್ಯವಸ್ಥೆ ರಾಜಿಯಾಗಿದೆ. ಹೌದಲ್ವಾ, ಕಾಂಪ್ರಮೈಸ್ಡ್. ಸರಿಯಾಗೇ ಇದೆ."

"ಇಂಗ್ಲಿಷ್ ಮರೀರಿ. ನೀವು ಇಂಗ್ಲಿಷ್ ಬಲ್ಲವರು ಅಂತ ಅದು ನಿಮಗ ತಿಳೀತು. ನಿಮ್ಮ ಅಜ್ಜಿಗೆ ಓದಿ ಹೇಳ್ರಿ. ಇಬ್ಬರ ನಡುವ ರಾಜಿ ಆಗೇತಿ ಅಂದ್ರ ಆಕಿ ಏನಂತ ತಿಳ್ಕೋತಾಳ?"

ಡಾಕ್ಟರ್ ಹಾಳೆಯನ್ನು ನೋಡುತ್ತಲೇ ಇದ್ದರು. ಮೊದಲು ಅರ್ಥ ಮಾಡಿಕೊಂಡದ್ದು ಫೋನಿನ ದನಿ. "ಅಯ್ಯೋ ಶಿವನೇ," ಎಂದರು ಹನುಮಂತರಾಜು, ಆಮೇಲೆ ತಮ್ಮ ನಿಯಮ ನೆನಪಾಗಿ, ಇಂಗ್ಲಿಷಿನಲ್ಲಿ, ದುಭಾಷಿ ತನ್ನ ಮಾತಿಗೆ ಕ್ಷಮೆ ಕೋರುತ್ತಾನೆ ಎಂದರು.

"ಕದನ ಮುಗಿದು ಒಪ್ಪಂದ ಆಗಿದೆ ಅಂತ," ಎಂದರು ಡಾಕ್ಟರ್ ಕೊನೆಗೆ. ದನಿ ಇಳಿದಿತ್ತು.

"ಅದಕ್ಕ ನಾ ಸೂಜಿ ಬ್ಯಾಡ ಅಂದೆ. ಈಗ ನೀವು ಹೇಳ್ರಿ. ನನ್ನ ಮೈಯಾಗ ಖರೇನ ಏನಾಗೇತಿ?"

ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದರು, ಹನುಮಂತರಾಜು ಕನ್ನಡದಲ್ಲಿ ಹೇಳಿದರು. ಮೈಯ ಕಾವಲು ಸೋತಿದೆ. ಕಾಯಿಲೆ ಅರ್ಧ ಸೋಲಿಸಿತು, ಔಷಧಿ ಇನ್ನರ್ಧ. ಜೀವಂತ ರೋಗಾಣುವನ್ನು ಸಾಧು ಮಾಡಿ ತಯಾರಿಸಿದ ಲಸಿಕೆಗಳಿವೆ, ಅವು ಮಾತ್ರ ಬೇಡ. ಫ್ಲೂ, ನ್ಯುಮೋನಿಯಾ, ಸರ್ಪಸುತ್ತಿನವು ಜೀವಂತವಲ್ಲ, ಅವು ಬೇಕೇ ಬೇಕು. ನೀವು ತಿಳಿದುಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳುತ್ತೀರಾ ಎಂದು ದುಭಾಷಿ ಕೇಳಿದರು. ಅಮ್ಮಿ ಹೇಳಿದಳು. ಒಂದೂ ತಪ್ಪಲಿಲ್ಲ. ಮುಗಿಸಿ ಅವಳೇ ಒಂದು ಪ್ರಶ್ನೆ ಕೇಳಿದಳು.

"ಅವನ್ನ ಯಾವಾಗ ಹಾಕ್ಸಿದ್ರ ಚಲೋ ಇತ್ತು?"

ಡಾಕ್ಟರ್ ಪರದೆಯ ಮೇಲಿನ ತಾರೀಕುಗಳನ್ನು ನೋಡಿದರು. "ಕೀಮೋ ಶುರುವಾಗೋಕೆ ಎರಡು ವಾರ ಮುಂಚೆ," ಎಂದರು. ಈ ಸಲ ಕನ್ನಡದಲ್ಲೇ. ನಿಯಮ ಅವರಿಗೂ ಮರೆತಿತ್ತು. "ಜೂನಲ್ಲಿ ನಿಮಗೆ ಸರಿಯಾಗಿ ಹದಿನೈದು ದಿನ ಇತ್ತು. ಈಗ ಹಾಕಿದರೆ ಮೈ ಅದನ್ನ ಕಲಿಯಲ್ಲ. ಆ ಔಷಧಿ ಬಿಟ್ಟು ಆರು ತಿಂಗಳಾದರೂ ಆಗಬೇಕು. ಫ್ಲೂದು ಮಾತ್ರ ಇವತ್ತು ಹಾಕಬಹುದು, ಅಷ್ಟಿಷ್ಟಾದರೂ ಕೆಲಸ ಮಾಡುತ್ತೆ."

ಆ ಹದಿನೈದು ದಿನ ಅಮ್ಮಿ ಏನು ಮಾಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಕಾಗದ ತಿದ್ದುತ್ತ ಕುಳಿತಿದ್ದಳು. ನಾನು ಏನು ಮಾಡುತ್ತಿದ್ದೆ ಎಂಬುದೂ ಗೊತ್ತಿತ್ತು. ಅಮ್ಮಿ ಎಡಪಕ್ಕೆಯ ಮೇಲೆ ಕೈಯಿಟ್ಟುಕೊಳ್ಳಲು ಹೋಗಿ, ಉರಿ ನೆನಪಾಗಿ, ಕೈಯನ್ನು ತೊಡೆಯ ಮೇಲಿಟ್ಟಳು.

"ನಾಳೆ ನಿಮ್ಮ ತಂಡದ ಮುಂದ ಹೋಗೂದು ಏನು? ಆ ಮೂರು ಸಾಲೇನು?"

"ನಾನು ವಿವರಣೆ ಸೇರಿಸ್ತೀನಿ. ಹಳೇದನ್ನ ಅಳಿಸೋಕೆ ಆಗಲ್ಲ, ಕೆಳಗೆ ಬರೀಬಹುದು." ಅವರು ಪರದೆಯ ಕಡೆ ತಿರುಗಿ ಟೈಪ್ ಮಾಡಿದರು.

"ಏನ್ ಬರದ್ರು, ಓದು," ಎಂದಳು ಅಮ್ಮಿ ನನಗೆ.

ನಾನು ಕನ್ನಡ ಮಾಡಿ ಓದಿದೆ. "ಭಾಷೆಯ ತೊಡಕಿನಿಂದಾಗಿ ರೋಗಿಗೆ ಸರಿಯಾದ ಮಾಹಿತಿ ತಲುಪಿರಲಿಲ್ಲ."

"ತಲುಪಿರ್ಲಿಲ್ಲ ಅಂದ್ರ? ಅಂಚ್ಯಾಗ ಕಳದ್ಹೋತನು?"

ಡಾಕ್ಟರ್ ಅದನ್ನು ಅಳಿಸಿ ಮತ್ತೆ ಬರೆದರು. ನಾನು ಓದಿದೆ. "ರೋಗಿಗೆ ತಪ್ಪು ಅನುವಾದದ ಮಾಹಿತಿಯನ್ನು ನೀಡಲಾಗಿತ್ತು."

"ಕರ್ಮಣಿ ಪ್ರಯೋಗ," ಎಂದಳು ಅಮ್ಮಿ. "ನೀಡಲಾಗಿತ್ತು, ಬರೆಯಲಾಗಿತ್ತು, ಹೊಡೆಯಲಾಗಿತ್ತು. ಒಂಬತ್ತನೇತ್ತೆ ಹುಡುಗ್ರು ಕಿಟಕಿ ಗಾಜು ಒಡದಾಗ ಹಿಂಗ ಹೇಳ್ತಿದ್ರು, ಗಾಜು ಒಡೆಯಲ್ಪಟ್ಟಿತು ಟೀಚರ್ ಅಂತ. ಕರ್ತೃಪದ ಎಲ್ಲೈತ್ರಿ?"

"ಖಾಲಿದಾ ಅವರೇ, ಇದು ಲೀಗಲ್ ರೆಕಾರ್ಡ್. ನಾವು ಕೊಟ್ಟೆವು ಅಂತ ಬರೆದರೆ... ನಾನು ಮೊದಲು ಬೇರೆಯವರ ಹತ್ರ ಮಾತಾಡಬೇಕಾಗುತ್ತೆ. ಅದಕ್ಕೆ ದಿನ ಹಿಡಿಯುತ್ತೆ."

"ನನ್ನ ಹೆಸರಿನ ಮುಂದ ಬರೀಬೇಕಾದ್ರ ಯಾರ ಹತ್ರ ಮಾತಾಡಿದ್ರಿ?" ಅಮ್ಮಿಯ ದನಿ ಏರಲಿಲ್ಲ. ತರಗತಿಯ ಕೊನೆಯ ಬೆಂಚಿಗೆ ಮುಟ್ಟುವಷ್ಟಿತ್ತು, ಅಷ್ಟೇ. "ರೋಗಿ ಬೇಡವೆಂದಳು. ಆ ವಾಕ್ಯದಾಗ ಕರ್ತೃ ಅದಾಳ. ಮೂರು ಸಲ ಅದಾಳ. ಯಾರನ್ನೂ ಕೇಳ್ದ ಬರದ್ರಿ. ತಪ್ಪು ನಂದಾದಾಗ ಕರ್ತೃ ಸಿಗ್ತಾಳ, ನಿಮ್ದಾದಾಗ ಯಾಕ ಸಿಗಂಗಿಲ್ಲ?"

ಫೋನಿನಲ್ಲಿ ಹನುಮಂತರಾಜು ಇದನ್ನು ಇಂಗ್ಲಿಷಿಗೆ ತರಲು ಶುರು ಮಾಡಿದರು. ಡಾಕ್ಟರ್ ಕೈಯೆತ್ತಿ, ಬೇಡ ಎಂದರು. "ನನಗೆ ಅರ್ಥ ಆಯ್ತು."

ಅವರು ಬಾಗಿಲು ಬಡಿದ ನರ್ಸಿಗೆ ಇನ್ನೂ ಐದು ನಿಮಿಷ ಎಂದರು. ಆ ಐದು ನಿಮಿಷದಲ್ಲಿ ನಾಚಿಕೆ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ತೂಗಲು ನನಗೆ ಆಗಲಿಲ್ಲ, ತೂಗುವ ಮನಸ್ಸೂ ಇರಲಿಲ್ಲ. ಅಮ್ಮಿ ಕಾಯುತ್ತಿದ್ದಳು. ಕಾಯುವುದು ಅವಳಿಗೆ ಗೊತ್ತು.

ಕೊನೆಗೆ ಕೀಲಿಮಣೆಯ ಸದ್ದು ಬಂತು. ನಾನು ಓದಿದೆ.

"ನಮ್ಮ ಆಸ್ಪತ್ರೆ ಈ ರೋಗಿಗೆ ತಪ್ಪು ಅನುವಾದದ ಹಾಳೆಯನ್ನು ಕೊಟ್ಟಿತು. ವೈದ್ಯಳಾದ ನಾನು ಅವರ ಭಾಷೆ ಯಾವುದೆಂದು ಅವರನ್ನು ಕೇಳದೆ ಉರ್ದು ಎಂದು ನಮೂದಿಸಿದೆ. ರೋಗಿ ಲಸಿಕೆಯನ್ನು ನಿರಾಕರಿಸಲಿಲ್ಲ, ನಾವು ಕೊಟ್ಟ ಸೂಚನೆಯನ್ನು ಪಾಲಿಸಿದರು. ಇಂದು ಅವರದೇ ಭಾಷೆಯಲ್ಲಿ ವಿವರಿಸಿದ ಕೂಡಲೇ ಒಪ್ಪಿದರು."

"ಇನ್ನೂ ಒಪ್ಪಿಲ್ಲ," ಎಂದಳು ಅಮ್ಮಿ, ಬಲಗೈಯ ತೋಳು ಮೇಲೆ ಸರಿಸುತ್ತ. "ಆ ಫ್ಲೂದು ತರಸ್ರಿ. ಹಾಕಿದ ಮ್ಯಾಲೆ ಸಹಿ ಮಾಡ್ರಿ, ಆಗ ಖರೇ ಆಗ್ತತಿ."

ನರ್ಸು ಬಂದು ಚುಚ್ಚಿದಳು. ಡಾಕ್ಟರ್ ಸಹಿಯ ಗುಂಡಿ ಒತ್ತಿದರು. ಹೊರಗೆ ಬರುವಾಗ ಅವರು ಬಾಗಿಲು ಹಿಡಿದು ನಿಂತು ಏನೋ ಹೇಳಲಿದ್ದರು. ಅಮ್ಮಿ ಕಾಯಲಿಲ್ಲ.

ಗುರುವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಅಣ್ಣನೂ ಗ್ಯಾರೇಜಿಗೆ ಹೋಗಲಿಲ್ಲ. ಹೋಗುತ್ತೇನೆ ಎನ್ನುತ್ತ ಅಡಿಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡಿಗೆಮನೆಗೆ ತಿರುಗುತ್ತಿದ್ದ. ನಾಲ್ಕೂವರೆಗೆ ಫೋನು ಬಂತು. ಅಣ್ಣನ ನಂಬರಿಗಲ್ಲ, ಅಮ್ಮಿಯ ನಂಬರಿಗೆ. ಅಮ್ಮಿ ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟಳು.

"ಖಾಲಿದಾ ಅವರೇ, ನಾನು ನಿರುಪಮಾ. ಹನುಮಂತರಾಜು ಅವರೂ ಲೈನಲ್ಲಿದ್ದಾರೆ." ಆಮೇಲೆ ಇಂಗ್ಲಿಷ್, ಅದರ ಹಿಂದೆ ಆ ವಯಸ್ಸಾದ ದನಿಯ ಕನ್ನಡ. ತಂಡ ಒಪ್ಪಿದೆ. ಸರ್ಪಸುತ್ತು ಒಣಗಿದ ಮೇಲೆ, ನವೆಂಬರ್ ಹದಿನೇಳಕ್ಕೆ ಸೇರಿಸಿಕೊಳ್ಳುತ್ತಾರೆ. ಆದರೆ ಈ ಚಳಿಗಾಲ ಪೂರ್ತಿ ನ್ಯುಮೋನಿಯಾದಿಂದ ರಕ್ಷಣೆ ಇಲ್ಲ, ಅದು ದೊಡ್ಡ ಅಪಾಯ, ಆ ಅಪಾಯ ಇರಬೇಕಾಗಿರಲಿಲ್ಲ. ಹೊರಗೆ ಜನರ ನಡುವೆ ಹೋಗುವಂತಿಲ್ಲ.

ಅಣ್ಣ ಮುಖ ಮುಚ್ಚಿಕೊಂಡು ಕುಳಿತ. ನನಗೆ ಅಳು ಬರಲಿಲ್ಲ. ಇರಬೇಕಾಗಿರಲಿಲ್ಲ ಎಂಬ ಪದದ ಸುತ್ತಲೇ ಸುತ್ತುತ್ತಿದ್ದೆ.

"ಇನ್ನೊಂದು ಮಾತು," ಎಂದರು ಡಾಕ್ಟರ್, ಕನ್ನಡದಲ್ಲಿ, ದುಭಾಷಿಯನ್ನು ಬಿಟ್ಟು. "ನನ್ನದು ತುಂಬಾ ದೊಡ್ಡ ತಪ್ಪಾಯ್ತು. ದಯವಿಟ್ಟು ಮನಸ್ಸಿನಲ್ಲಿ ಇಟ್ಕೋಬೇಡಿ. ಕ್ಷಮಿಸಿದೆ ಅಂತ ಒಂದು ಮಾತು ಹೇಳಿ."

ಅಣ್ಣ ತಲೆ ಎತ್ತಿ, ಹೇಳು ಅಮ್ಮಿ ಎಂದು ಕೈಸನ್ನೆ ಮಾಡಿದ. ಪರವಾಗಿಲ್ಲ ಅನ್ನು ಎಂದು ತುಟಿಯಲ್ಲೇ ಹೇಳಿದ. ಫೋನಿನ ಆ ಕಡೆ ಇಬ್ಬರು ಕಾಯುತ್ತಿದ್ದರು.

ಅಮ್ಮಿ ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು. ಹಾಳೆಯೊಂದನ್ನು ಎಳೆದುಕೊಂಡಳು.

"ಅದನ್ನ ನಾ ಬದುಕಿ ಮನಿಗೆ ಬಂದ ಮ್ಯಾಲೆ ನೋಡೂಣ್ರಿ," ಎಂದಳು. "ಈಗ ತಾರೀಕು ಇನ್ನೊಮ್ಮಿ ಹೇಳ್ರಿ. ಎಷ್ಟು ಗಂಟೇಕ್ಕ ಬರಬೇಕು, ಏನೇನು ತರಬೇಕು. ನಾನ ಬರ್ಕೋತೀನಿ."